ಟ್ರಾಮ್ ಗುಂಡಿಯ ಬಾಳೆಗಿಡ

ಮೊನ್ನೆ ಮಂಗಳೂರಿನ ಕಂಕನಾಡಿ ಮಾರ್ಕೆಟಿನಲ್ಲಿ ಈರುಳ್ಳಿ ಚೀಲಗಳು ಮಳೆಗೆ ನೆನೆದು ಬಿದ್ದಿದ್ದವು. ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮುಖ ಹುಳ್ಳಗಾಗಿರಬೇಕು. ತರಕಾರಿಯವ ಗಾಬರಿಯಾಗಿ, "ಎಂತ ಆಯ್ತು ಮಾರ್ರೆ? ಒಳಗಿನದ್ದೆಲ್ಲ ಒಣಗಿದ್ದೇ ಉಂಟು, ನೋಡಿ" ಎಂದ. ಅವನ ಈರುಳ್ಳಿಯ ಮೇಲೆ ನನಗೆ ಯಾವ ಸಂಶಯವೂ ಇರಲಿಲ್ಲ. ಹೊಸ ಕಾಂಕ್ರೀಟಿನ ಮೇಲೆ ಗೋಣಿ ಹಾಸಿ ನೀರು ಬಿಡುತ್ತಾರಲ್ಲ, ಆ ವಾಸನೆಯನ್ನು ತಿಂಗಳುಗಟ್ಟಲೆ ಉಸಿರಾಡಿದವನು ನಾನು. ಅದು ಮೂಗಿಗೆ ಬಂದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ಸೇತುವೆ ಈಗ ಆಗಿದೆ. ಕಂಕನಾಡಿಯಿಂದ ಪಡೀಲಿನ ಕಡೆಗೆ ಹೋಗುವ ನಮ್ಮ ಒಳರಸ್ತೆಯಲ್ಲಿ, ಮಳೆನೀರು ಹರಿಯುವ ತೋಡಿನ ಮೇಲೆ, ಎರಡೂ ಬದಿಗೆ ಹಳದಿ ಕಪ್ಪು ಬಣ್ಣ ಬಳಿಸಿಕೊಂಡು ನಿಂತಿದೆ. ಎಷ್ಟು ಚಿಕ್ಕದೆಂದರೆ, ಸ್ಕೂಟರಿನಲ್ಲಿ ಹೋಗುವವರಿಗೆ ತಾವೊಂದು ಸೇತುವೆ ದಾಟಿದೆವೆಂದೇ ತಿಳಿಯುವುದಿಲ್ಲ. ಇಷ್ಟು ಸಣ್ಣದಕ್ಕೆ ಎರಡು ಮಳೆಗಾಲ ನುಂಗಿದರು ಎಂದರೆ ಹೊಸದಾಗಿ ಬಂದ ಫ್ಲ್ಯಾಟಿನವರು ನಂಬುವುದಿಲ್ಲ. "ಈಗ ಆಗಿದೆಯಲ್ಲ ಅಂಕಲ್, ಬಿಡಿ" ಎನ್ನುತ್ತಾರೆ. ಬಿಡುವುದು ಹೇಗೆಂದು ನನಗೆ ಇನ್ನೂ ಗೊತ್ತಾಗಿಲ್ಲ.

ಆಗ ನಾನು ಕಂಡಕ್ಟರ್. ನಾನೂ ರಫೀಕನೂ ಸೇರಿ ಹಳೆಯ ಸಿಟಿ ಬಸ್ಸೊಂದನ್ನು ಪರ್ಮಿಟ್ ಸಮೇತ ಕೊಂಡಿದ್ದೆವು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಸದಾನಂದ ಎಂಬ ನನ್ನ ಹೆಸರನ್ನು ಅವನು ಅಲ್ಲಿಯೇ ‘ಸದಾ’ ಮಾಡಿದ್ದ. ಆಮೇಲೆ ನಾನು ಫಳ್ನೀರಿನ ಹಾರ್ಡ್‌ವೇರ್ ಅಂಗಡಿ ಸೇರಿದೆ, ಅವನು ಡ್ರೈವರ್ ಆಗಿ ಸೌದಿಯ ದಮಾಮಿಗೆ ಹೋದ. ಅರ್ಧ ಆಯುಷ್ಯ ಅಲ್ಲಿ ಲಾರಿ ಓಡಿಸಿ, ತಲೆಕೂದಲು ನೆರೆತ ಮೇಲೆ, ಇನ್ನು ಹೋಗುವುದಿಲ್ಲ ಎಂದು ಊರಿಗೆ ಬಂದಿದ್ದ. ಅವನ ಸಣ್ಣ ಮಗಳು ಅಪ್ಪನನ್ನು ಗುರುತು ಹಿಡಿಯದೆ, ಮೊಬೈಲನ್ನು ತೋರಿಸಿ "ಉಪ್ಪ ಇದರೊಳಗೆ ಇದ್ದಾರೆ" ಎಂದಿದ್ದಳಂತೆ. ಅದನ್ನು ನನಗೆ ಹೇಳುವಾಗ ಅವನು ನಕ್ಕಿದ್ದ. "ಸದಾ, ಬಸ್ಸು ಓಡಿದಷ್ಟು ದಿವಸ ನಾನು ಇಲ್ಲೇ" ಎಂದು ನನ್ನ ಕೈಮೇಲೆ ಕೈಯಿಟ್ಟಿದ್ದ.

ಬಸ್ಸಿನ ಮೊದಲ ಮಾಲೀಕರು ಕ್ರಿಶ್ಚಿಯನ್ನರು. ಬಸ್ಸಿನ ಹಣೆಯ ಮೇಲೆ ದೊಡ್ಡದಾಗಿ ‘ಲಿಟ್ಲ್ ಏಂಜಲ್’ ಎಂದು ಬರೆಸಿದ್ದರು. ಹೆಸರು ಬದಲಿಸುವುದೋ ಎಂದು ನಾನು ಕೇಳಿದ್ದಕ್ಕೆ ರಫೀಕ, "ಬೇಡ ಮಾರಾಯ. ನಿನ್ನ ದೇವರ ಹೆಸರು ಹಾಕಿದ್ರೆ ನನ್ನವರು ಕೇಳ್ತಾರೆ, ನನ್ನದು ಹಾಕಿದ್ರೆ ನಿನ್ನವರು. ಇದು ಯಾರದ್ದೂ ಅಲ್ಲ, ಚಂದ ಉಂಟು" ಎಂದ. ಹಾಗೆ ನಾವಿಬ್ಬರು ಒಂದು ದೇವದೂತನನ್ನು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಫಳ್ನೀರ್, ಕಂಕನಾಡಿ ದಾಟಿಸಿ ಪಡೀಲಿಗೆ ಓಡಿಸತೊಡಗಿದೆವು. ನಾನು ಬಾಗಿಲು ಬಡಿದು "ರೈಟ್ ಪೋಯಿ" ಎಂದರೆ ಅವನು ಕ್ಲಚ್ ಬಿಡುತ್ತಿದ್ದ. ಆ ಕೆಲವು ತಿಂಗಳು ನಾನು ಬದುಕಿನಲ್ಲಿ ಸುಖವಾಗಿದ್ದೆ.

ದೀಪಾವಳಿ ಕಳೆದದ್ದೇ ಜೆಸಿಬಿ ಬಂತು. ತೋಡಿನ ಮೇಲಿನ ಹಳೇ ಸೇತುವೆಯನ್ನು ಒಂದೇ ಬೆಳಗ್ಗೆ ಕೆಡವಿ ಹಾಕಿದರು. ಕೆಡವುವುದರಲ್ಲಿ ಅವರಷ್ಟು ಚುರುಕು ಇನ್ಯಾರೂ ಇಲ್ಲ. ಮಳೆಗಾಲಕ್ಕೆ ಮುಂಚೆ ಹೊಸ ಸೇತುವೆ, ಕಾಂಕ್ರೀಟ್ ರಸ್ತೆ ಎಲ್ಲ ಮುಗಿಯುತ್ತದೆ ಎಂದರು. ದೊಡ್ಡ ಬೋರ್ಡ್ ನಿಲ್ಲಿಸಿದರು. ಅದರಲ್ಲಿ ಕಾಮಗಾರಿಯ ಮೊತ್ತ, ಮುಗಿಯುವ ದಿನಾಂಕ, ಕೈಮುಗಿದ ಕೆಲವು ಮುಖಗಳು, ಹಿಂದೆ ಯಾವುದೋ ಪರದೇಶದ ಊರಿನ ಬಣ್ಣದ ಚಿತ್ರ. ಆ ಚಿತ್ರದ ರಸ್ತೆಯ ನಟ್ಟನಡುವೆ ನೀಲಿ ಬಣ್ಣದ ಟ್ರಾಮ್ ಒಂದು ಹೋಗುತ್ತಿತ್ತು. ಕಂಪ್ಯೂಟರಿನವ ಕೈಗೆ ಸಿಕ್ಕಿದ್ದನ್ನು ಹಾಕಿದ್ದ, ಅಷ್ಟೇ. ನಮ್ಮವರು ಬಿಡುತ್ತಾರೆಯೇ? "ಟ್ರಾಮ್ ಬಂತಾ?" ಎಂದು ದಿನಾ ಕೇಳತೊಡಗಿದರು. ಕೆಡವಿದ ಜಾಗಕ್ಕೆ ‘ಟ್ರಾಮ್ ಗುಂಡಿ’ ಎಂದೇ ಹೆಸರು ಬಿತ್ತು. ಬೋರ್ಡಿನ ದಿನಾಂಕದ ಮೇಲೆ ಹೊಸ ದಿನಾಂಕ ಅಂಟಿಸಿದರು, ಮೊತ್ತದ ಮೇಲೆ ದೊಡ್ಡ ಮೊತ್ತ ಅಂಟಿಸಿದರು, ಅದರ ಮೇಲೆ ಇನ್ನೂ ದೊಡ್ಡದು. ಅಂಟಿಸಿ ಅಂಟಿಸಿ ಆ ಎರಡು ಜಾಗ ಉಬ್ಬಿಕೊಂಡಿತ್ತು.

ಬಸ್ಸಿಗೆ ಸುತ್ತು ದಾರಿ ಗತಿಯಾಯಿತು. ಮಂಗಳೂರಿನ ಸಿಟಿ ಬಸ್ಸು ನಿಮಿಷದ ಮೇಲೆ ಬದುಕುವಂಥದ್ದು. ತಡ ಮಾಡಿದರೆ ಹಿಂದಿನ ಬಸ್ಸಿನವ ಬಂದು ಕಾಲರಿಗೆ ಕೈಹಾಕುತ್ತಾನೆ, ಏಕೆಂದರೆ ನಾವು ತಡವಾಗಿ ಹತ್ತಿಸಿಕೊಂಡ ಜನ ಅವನ ಜನ. ಸುತ್ತು ಹಾಕಿ ಬರುವಷ್ಟರಲ್ಲಿ ನಮ್ಮ ಟೈಮಿಂಗ್ ಹೋಗಿರುತ್ತಿತ್ತು, ಟ್ರಿಪ್ ಕಟ್ ಮಾಡಬೇಕಾಗುತ್ತಿತ್ತು. ತೋಡಿನ ಆಚೆಯ ಜನ ಹಲಗೆಯ ಮೇಲೆ ನಡೆದು, ಕೆಸರು ತುಳಿದು ಬಂದು ಬಸ್ಸು ಹತ್ತಬೇಕು. ಹತ್ತಿದವರಿಗೆ ಯಾರನ್ನಾದರೂ ಬೈಯಬೇಕಲ್ಲ? ಎಂಜಿನಿಯರ್ ಸಿಗುವುದಿಲ್ಲ. ಗುತ್ತಿಗೆದಾರ ಯಾರೆಂದು ಯಾರಿಗೂ ಗೊತ್ತಿಲ್ಲ. ಬೋರ್ಡಿನ ಮುಖಗಳು ಕೈಮುಗಿದುಕೊಂಡೇ ಇವೆ. ಸಿಗುವವನು ಕಂಡಕ್ಟರ್.

ಫಳ್ನೀರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮ ಒಬ್ಬರು ದಿನಾ ಬೆಳಗ್ಗೆ ನಮ್ಮ ಬಸ್ಸಿನಲ್ಲಿ ಬರುವವರು. ಅವರಂತೂ ಸೀಟಿನಲ್ಲಿ ಕೂರುವ ಮೊದಲೇ ಶುರು ಮಾಡುತ್ತಿದ್ದರು.

"ಎಂತ ನಿಮ್ಮ ಅವಸ್ಥೆ ಇದು? ದಿನಾ ಲೇಟು. ನಿಮ್ಮ ರಸ್ತೆ ಯಾವಾಗ ಆಗುದು?"

"ನಮ್ಮ ರಸ್ತೆಯಾ? ಕಾಂಟ್ರಾಕ್ಟ್ ತಕೊಂಡದ್ದು ನಾನಾ ಮಾರ್ರೆ?"

"ಮತ್ತೆ ದುಡ್ಡು ತಕೊಳ್ಳುದು ನೀವೇ ಅಲ್ಲವಾ!"

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಆ ತಿಂಗಳ ಕೊನೆಗೆ ಅವರು ಸ್ಕೂಟರ್ ತೆಗೆದುಕೊಂಡರು. ಹೊಸ ಸ್ಕೂಟರಿನಲ್ಲಿ ನಮ್ಮನ್ನು ದಾಟಿ ಹೋಗುವಾಗ ಪ್ರೀತಿಯಿಂದ ಕೈ ಬೀಸಿದರು. ಅವರ ಬೈಗುಳಕ್ಕಿಂತ ಅದು ಹೆಚ್ಚು ಉರಿಯಿತು. ಹೀಗೆ ಒಬ್ಬೊಬ್ಬರೇ ಸ್ಕೂಟರ್ ಹತ್ತುತ್ತಾ ಹೋದರು. ಬಸ್ಸಿನಲ್ಲಿ ಪಾಸಿನ ಮಕ್ಕಳು, ಮುದುಕರು, ಮೀನಿನ ಬುಟ್ಟಿಯ ಹೆಂಗಸರು ಉಳಿದರು.

ಮಳೆಗಾಲಕ್ಕೆ ಮುಂಚೆ ಎಂದಿದ್ದರಲ್ಲ, ಆ ಮಳೆಗಾಲ ಬಂತು. ಆಟಿ ತಿಂಗಳ ಮಳೆಗೆ ಗುಂಡಿ ಕೆರೆಯಾಯಿತು. ಹಲಗೆ ತೇಲಿಹೋಯಿತು. ಆಗ ನಮ್ಮ ರಸ್ತೆಯ ನಾಗರಿಕರ ಸಮಿತಿಯ ಅಧ್ಯಕ್ಷರಾದ ವಸಂತಣ್ಣ, "ಇನ್ನು ಸುಮ್ಮನೆ ಕೂತರೆ ಆಗುದಿಲ್ಲ. ಬಾಳೆ ನೆಡುವ" ಎಂದರು. ನಮ್ಮ ಕಡೆ ರಸ್ತೆ ಹಾಳಾದರೆ ಇದೊಂದು ಮಾಮೂಲಿ ಪ್ರತಿಭಟನೆ. ಗುಂಡಿಯಲ್ಲಿ ಒಂದು ಬಾಳೆಗಿಡ ಊರುವುದು, ಧಿಕ್ಕಾರ ಕೂಗುವುದು, ಫೋಟೋ ತೆಗೆಸಿಕೊಳ್ಳುವುದು, ಚಾ ಕುಡಿದು ಮನೆಗೆ ಹೋಗುವುದು. ನಾಲ್ಕು ದಿನದಲ್ಲಿ ಗಿಡ ಕೊಳೆಯುತ್ತದೆ, ಜನ ಮರೆಯುತ್ತಾರೆ. ಎಲ್ಲ ಊರಿನಲ್ಲೂ ಹೀಗೆಯೇ ಆಗುವುದು. ನಮ್ಮಲ್ಲೂ ಹಾಗೇ ಆಗಿದ್ದರೆ ಎಷ್ಟು ಒಳ್ಳೆಯದಿತ್ತು!

ವಸಂತಣ್ಣ ಬಾಳೆ ಕೇಳಲು ಬಂದದ್ದು ನಮ್ಮ ಮನೆಗೆ. ಅಮ್ಮ ಬಂಟ್ವಾಳದ ಕಡೆಯ ಗದ್ದೆ ಬೇಸಾಯದ ಮನೆಯವರು. ಮಂಗಳೂರಿನ ನಮ್ಮ ಅಂಗೈಯಗಲ ಹಿತ್ತಲಲ್ಲೂ ಬಾಳೆ ಬೆಳೆಸುತ್ತಾರೆ.

"ಯಾವ ಬಾಳೆ ಬೇಕು?" ಅಮ್ಮ ಕೇಳಿದರು.

"ಯಾವುದಾದ್ರೂ ಆಗ್ತದೆ ಅಕ್ಕ. ಪ್ರತಿಭಟನೆಗಲ್ಲವಾ?"

"ಪ್ರತಿಭಟನೆಗೆ ಅಂತ ಕೊಳೆತದ್ದು ಕೊಡ್ಲಿಕ್ಕೆ ಆಗ್ತದಾ? ನೆಟ್ಟ ಮೇಲೆ ಬದುಕಬೇಕು ಅದು."

ಅಮ್ಮ ಒಳ್ಳೆಯ ಕದಳಿ ಬಾಳೆಯ ಕಂದೊಂದನ್ನು ಆರಿಸಿ, ಗಡ್ಡೆಗೆ ಪೆಟ್ಟಾಗದ ಹಾಗೆ ಕೀಳಿಸಿ ಕೊಟ್ಟರು. ಜೊತೆಗೆ ತರಗೆಲೆ ಕಸ ಸುಟ್ಟು ಮಾಡಿದ ಸುಡುಮಣ್ಣು ಒಂದು ಬುಟ್ಟಿ. ಪ್ರತಿಭಟನೆಗೆ ಬಂದವರಾದರೂ ಯಾರು? ಬ್ಯಾಂಕಿನಿಂದ ನಿವೃತ್ತರಾದವರು, ಟೈಲರ್, ರಿಕ್ಷಾದವರು, ಮೊಬೈಲ್ ಅಂಗಡಿಯವ. ಎಲ್ಲರ ಅಪ್ಪನೋ ಅಜ್ಜನೋ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು. ಗುಂಡಿಯ ಬಲಬದಿಯಲ್ಲಿ ಅಗೆದು ಹಾಕಿದ ಕೆಂಪು ಮಣ್ಣಿನ ದಿಬ್ಬದ ಮುಂದೆ ಕೊಡೆ ಹಿಡಿದು ನಿಂತು ಚರ್ಚೆ ಶುರು ಮಾಡಿದರು. ಗುಳಿ ಇಷ್ಟು ಆಳ ಸಾಲದು ಎಂದು ಒಬ್ಬರು. ನೀರು ನಿಲ್ಲುತ್ತದೆ, ಸ್ವಲ್ಪ ಎತ್ತರಕ್ಕೆ ನೆಡಿ ಎಂದು ಇನ್ನೊಬ್ಬರು. ಬ್ಯಾಂಕಿನವರು ಪ್ಯಾಂಟ್ ಮಡಚಿ ತಾವೇ ಗುಳಿಗೆ ಇಳಿದು ಸುಡುಮಣ್ಣು ಹಾಕಿ ಕಾಲಿನಿಂದ ಮೆಟ್ಟಿ ಗಟ್ಟಿ ಮಾಡಿದರು. ಧಿಕ್ಕಾರ ಕೂಗುವುದು ಎಲ್ಲರಿಗೂ ಮರೆತೇ ಹೋಗಿತ್ತು. ಪತ್ರಿಕೆಯ ಫೋಟೋದವ ನೆನಪು ಮಾಡಿದ ಮೇಲೆ ಕೂಗಿದರು.

"ಇವರು ರಸ್ತೆ ಕೇಳ್ಲಿಕ್ಕೆ ಬಂದದ್ದಾ, ತೋಟ ಮಾಡ್ಲಿಕ್ಕೆ ಬಂದದ್ದಾ?" ಎಂದು ರಫೀಕ ಬಸ್ಸಿನ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಷ್ಟು ಕ್ರಮವಾಗಿ ನೆಟ್ಟ ಮೇಲೆ ಗಿಡ ಬದುಕದೆ ಇರುತ್ತದೆಯೇ? ಒಂದೊಂದೇ ಎಲೆ ಬಿಡುತ್ತಾ ಮೇಲೆದ್ದಿತು. ಹೋಗುವವರು ಬರುವವರು ಒಣಗಿದ ಎಲೆ ಕೊಯ್ದು ಬುಡಕ್ಕೆ ಹಾಕತೊಡಗಿದರು. ಗಾಳಿಗೆ ವಾಲದಂತೆ ಯಾರೋ ಊರುಗೋಲು ಕೊಟ್ಟರು. ಚಳಿಗಾಲದಲ್ಲಿ ಅಂತೂ ಕೆಲಸದವರು ಮರಳಿ ಬಂದು, ಸೇತುವೆಯ ಎಡಬದಿಯ ಅರ್ಧಕ್ಕೆ ಕಾಂಕ್ರೀಟ್ ಹಾಕಿದರು. ಗೋಣಿ ಹಾಸಿದರು, ಬೆಳಗ್ಗೆ ಸಂಜೆ ನೀರು ಬಿಟ್ಟರು. ಹರಿದ ನೀರೆಲ್ಲ ಬಾಳೆಯ ಬುಡಕ್ಕೆ. ಬೇಸಗೆಯ ಬಿಸಿಲಿನಲ್ಲೂ ಅದು ಹಸಿರೋ ಹಸಿರು.

ಎಡಬದಿ ಗಟ್ಟಿಯಾಯಿತು. ಗೋಣಿ ತೆಗೆದರು. ನಮ್ಮ ಬಸ್ಸು ಆರಾಮಾಗಿ ಹೋಗುವಷ್ಟು ಅಗಲವಿತ್ತು. ಆದರೆ ಎರಡೂ ಕಡೆ ಡ್ರಮ್ಮುಗಳನ್ನಿಟ್ಟು ಹಗ್ಗ ಕಟ್ಟಿ ವಾಚ್‌ಮನ್ ಒಬ್ಬನನ್ನು ಕೂರಿಸಿದರು. ನಾನೂ ರಫೀಕನೂ ಹೋಗಿ ಸೂಪರ್‌ವೈಸರನ್ನು ಕಂಡೆವು. ಬಯಲುಸೀಮೆಯ ಸೌಮ್ಯ ಮನುಷ್ಯ.

"ಬಸ್ಸು ಒಂದನ್ನಾದ್ರೂ ಬಿಡಿ ಸಾರ್. ಟೈಮಿಂಗ್ ಎಲ್ಲ ಹೋಗಿ ಸತ್ತೇ ಹೋಗ್ತಿದ್ದೇವೆ" ಎಂದೆ.

"ಎರಡೂ ಸೈಡ್ ಆಗೂ ತನಕ ಒಂದು ಸೈಕಲ್ಲೂ ಬಿಡಬ್ಯಾಡ ಅಂದಾರ್ರೀ. ನನಗೂ ಮ್ಯಾಲಿಂದ ಆರ್ಡರ್ ಬರಬೇಕು."

"ಹಾಗಾದ್ರೆ ಬಲಬದಿ ಯಾವಾಗ?"

"ಏಪ್ರಿಲ್‌ನಾಗ ಮಷೀನ್ ಬರತೈತ್ರಿ. ಮಳಿಗೆ ಮುಂಚೆ ಮುಗಿಸಿಬಿಡ್ತೀವಿ."

ಆ ಏಪ್ರಿಲಿನವರೆಗೆ ಬಸ್ಸನ್ನು ಹೇಗೆ ಓಡಿಸಿದೆವೆಂದು ಈಗ ಯೋಚಿಸಿದರೆ ನನಗೇ ಆಶ್ಚರ್ಯವಾಗುತ್ತದೆ. ನಷ್ಟದ ವಿಷಯ ರಫೀಕ ಮನೆಯಲ್ಲಿ ಹೇಳುತ್ತಿರಲಿಲ್ಲ. ಮಗಳನ್ನು ಬಸ್ಸಿನಲ್ಲೇ ಶಾಲೆಗೆ ಬಿಡುತ್ತಿದ್ದ. ಅವಳು ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವನಿಗೆ ಮಗ್ಗಿ ಒಪ್ಪಿಸುತ್ತಿದ್ದಳು.

ಮಷೀನ್ ಬಂತು. ಮಾತು ತಪ್ಪುವವರು ಆ ಒಂದು ಸಲ ಮಾತು ಉಳಿಸಿಕೊಂಡರು. ಬಂದದ್ದು ನಮ್ಮ ಹೊಸ ವರ್ಷದ ಬಿಸು ಹಬ್ಬ ಕಳೆದ ಮರುದಿನ. ಬಲಬದಿಯ ಮಣ್ಣಿನ ದಿಬ್ಬ ತೆಗೆಯಬೇಕಿತ್ತು. ದಿಬ್ಬದ ಮೇಲೆ ಬಾಳೆ. ಬಾಳೆಯಲ್ಲಿ ಆಗಷ್ಟೇ ಹೂವು ಹೊರಬಿದ್ದಿತ್ತು, ನಾವು ಪೂಂಬೆ ಎನ್ನುತ್ತೇವೆ. ಕೆಂಪಗೆ, ಮುಷ್ಟಿಯಷ್ಟು ದಪ್ಪ, ತಲೆ ತಗ್ಗಿಸಿಕೊಂಡು ನೇತಾಡುತ್ತಿತ್ತು. ಹಬ್ಬದ ದಿನ ಯಾರೋ ಗಿಡಕ್ಕೆ ಕುಂಕುಮ ಹಚ್ಚಿ ಮಲ್ಲಿಗೆಯ ತುಂಡೊಂದನ್ನು ಸಿಕ್ಕಿಸಿದ್ದರು. ಮಷೀನಿನ ಶಬ್ದಕ್ಕೆ ಜನ ಸೇರಿದರು. ಅಮ್ಮನೂ ಬಂದರು.

"ಪೂಂಬೆ ಬಿಟ್ಟ ಬಾಳೆಗೆ ಕತ್ತಿ ಹಾಕ್ಲಿಕ್ಕಿಲ್ಲ" ಎಂದರು ಅಮ್ಮ. "ಬಸುರಿಯಲ್ಲವಾ ಅದು? ಗೊನೆ ಬೆಳೆಯಲಿ, ಮತ್ತೆ ಎಂತ ಬೇಕಾದ್ರೂ ಮಾಡಿ."

ಅವರು ಯಾರನ್ನೂ ತಡೆಯಲು ಬಂದವರಲ್ಲ. ಹಾಲು ಉಕ್ಕುತ್ತಿದೆ ನೋಡಿ ಎನ್ನುವಷ್ಟೇ ಸಹಜವಾಗಿ ಹೇಳಿದರು. ಆದರೆ ಎಲ್ಲರ ತಲೆಯೂ ಅಲ್ಲಾಡಿತು. ಧಿಕ್ಕಾರ ಕೂಗಿದ ಅದೇ ವಸಂತಣ್ಣ, "ಸರಿ, ಎರಡು ತಿಂಗಳ ವಿಷಯ. ಇಷ್ಟು ಕಾದವರಿಗೆ ಅದೆಂತ ದೊಡ್ಡದು?" ಎಂದರು. ಗುಳಿ ಮೆಟ್ಟಿದ ಬ್ಯಾಂಕಿನವರು ಹೌದು ಹೌದೆಂದರು.

ನನ್ನ ಮೈ ಉರಿಯಿತು. "ಅಲ್ಲ ಮಾರ್ರೆ, ಇದನ್ನು ನೆಟ್ಟದ್ದು ಎಂತಕ್ಕೆ? ರಸ್ತೆ ಬೇಕು ಅಂತ ಅಲ್ಲವಾ? ರಸ್ತೆ ಮಾಡ್ಲಿಕ್ಕೆ ಬಂದಿದ್ದಾರೆ, ಕಡೀಲಿ!" ಎಂದು ಕಿರುಚಿದೆ. ಜನ ನನ್ನನ್ನು ಹೆಣಕ್ಕೆ ಒದ್ದವನನ್ನು ನೋಡುವಂತೆ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡು ಮನೆಗೆ ಹೊರಟುಹೋದರು. ನಾನು ಸಹಾಯಕ್ಕೆ ರಫೀಕನ ಕಡೆ ತಿರುಗಿದೆ. ಅವನು ಬಸ್ಸಿನ ಟೈರನ್ನು ಕಾಲಿನಿಂದ ಒತ್ತಿ ನೋಡುತ್ತಾ ತಲೆಯೆತ್ತದೆ ನಿಂತಿದ್ದ.

"ನೀನಾದ್ರೂ ಒಂದು ಮಾತು ಹೇಳಬಹುದಿತ್ತು" ಎಂದು ಆಮೇಲೆ ಬಸ್ಸಿನಲ್ಲಿ ಕೇಳಿದೆ.

"ನೀನು ಹೇಳಿದ್ರೆ ಸದಾನಂದನಿಗೆ ಪಿತ್ತ ಏರಿದೆ ಅಂತಾರೆ. ಕುಂಕುಮ ಹಚ್ಚಿದ ಗಿಡ ಕಡೀರಿ ಅಂತ ನಾನು ಹೇಳಿದ್ರೆ ಅದು ಬೇರೆಯೇ ಆಗ್ತದೆ ಮಾರಾಯ. ನಮ್ಮ ಊರು ನಿನಗೆ ಗೊತ್ತಿಲ್ಲವಾ?"

ನನಗೆ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಅವನು, ಬಾಯಿ ತೆರೆಯಲಾಗದವನೂ ಅವನೇ. ಅವತ್ತು ನನಗೆ ನಾಚಿಕೆಯಾದದ್ದು ಗುತ್ತಿಗೆದಾರನನ್ನು ನೆನೆದಲ್ಲ, ನಮ್ಮನ್ನು ನೆನೆದು.

ಸಂಜೆಯೊಳಗೆ ಮಷೀನ್ ಲಾರಿ ಹತ್ತಿ ಬೇರೆ ಕಡೆಗೆ ಹೋಯಿತು. ಮೇ ತಿಂಗಳಲ್ಲಿ ಕಚೇರಿಗೆ ಹೋಗಿ ಕೇಳಿದರೆ, "ಸಾರ್ವಜನಿಕರ ಆಕ್ಷೇಪಣೆ ಉಂಟಲ್ಲ? ನಿಮ್ಮವರೇ ಬೇಡ ಅಂದದ್ದು" ಎಂದು ನಗುತ್ತಲೇ ಹೇಳಿದರು. ಅವರು ಅಷ್ಟು ದಿನ ಹುಡುಕುತ್ತಿದ್ದ ಕಾರಣವನ್ನು ನಾವು ಗೊಬ್ಬರ ಹಾಕಿ, ನೀರು ಕುಡಿಸಿ, ಊರುಗೋಲು ಕೊಟ್ಟು ಬೆಳೆಸಿಕೊಟ್ಟಿದ್ದೆವು. ಅದುವರೆಗಿನ ತಡವೆಲ್ಲ ಅವರದ್ದಾಗಿತ್ತು. ಇನ್ನು ಮೇಲೆ ಎಲ್ಲವೂ ನಮ್ಮದು. ಬೋರ್ಡಿನಲ್ಲಿ ಮತ್ತೊಂದು ಮೊತ್ತ ಅಂಟಿಸಿದರು. ಈ ಸಲ ಯಾರೂ ಟ್ರಾಮಿನ ತಮಾಷೆ ಮಾಡಲಿಲ್ಲ.

ಗೊನೆ ಬೆಳೆಯಿತೇ ಎಂದು ಕೇಳಿದರೆ, ಇಲ್ಲ. ಜೂನಿನ ಮೊದಲ ಗಾಳಿಮಳೆಗೆ ಊರುಗೋಲು ಮುರಿದು ಬಾಳೆ ಗುಂಡಿಯೊಳಗೆ ಬಿತ್ತು. ಕಾಯಿಗಳು ಇನ್ನೂ ಬೆರಳಿನ ಹಾಗಿದ್ದವು. ಯಾರದೋ ದನ ಬಂದು ಎಲೆ ಸಮೇತ ತಿಂದಿತು. ಯಾರೂ ಆ ಮಾತೆತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಅಡ್ಡಿಯೇನೂ ಉಳಿದಿರಲಿಲ್ಲ, ಆದರೆ ಮಳೆ ಹಿಡಿದಿತ್ತು. ಕೆಲಸ ಇನ್ನು ಮಳೆ ನಿಂತ ಮೇಲೆ ಎಂದರು.

ಮಳೆ ನಿಲ್ಲುವವರೆಗೆ ನಮ್ಮಿಂದ ನಿಲ್ಲಲಾಗಲಿಲ್ಲ. ಬಸ್ಸನ್ನು ಬೇರೆ ರೂಟಿನವರಿಗೆ ಮಾರಿದೆವು. ಅವರು ಕೀ ತೆಗೆದುಕೊಂಡು ಹೋಗುವಾಗ ರಫೀಕ, ಸೆಕೆಂಡ್ ಗೇರ್ ಸ್ವಲ್ಪ ಗಟ್ಟಿ ಉಂಟು, ಒತ್ತಾಯ ಮಾಡಬಾರದು ಎಂದು ಆ ಹೊಸ ಡ್ರೈವರಿಗೆ ಎರಡೆರಡು ಸಲ ಹೇಳಿದ. ಆಮೇಲೆ ನಾವಿಬ್ಬರು ಕಂಕನಾಡಿಯ ಹೋಟೆಲಿನಲ್ಲಿ ಚಾ ಕುಡಿದೆವು.

"ಭಾವನ ಕಂಪೆನಿಯಲ್ಲಿ ಡ್ರೈವರ್ ಬೇಕಂತೆ ಸದಾ. ವೀಸಾ ಕಳಿಸ್ತಾನಂತೆ" ಎಂದ.

"ಇನ್ನು ಹೋಗುದಿಲ್ಲ ಅಂದಿದ್ದಿ."

"ಬಸ್ಸು ಓಡಿದಷ್ಟು ದಿವಸ ಅಂದಿದ್ದೆ."

ಅವನು ಹೊರಟ ಬೆಳಗ್ಗೆಯೂ ಮಳೆ. ಮಗಳನ್ನು ಏರ್‌ಪೋರ್ಟಿಗೆ ಕರೆದುಕೊಂಡು ಬರುವುದು ಬೇಡ ಎಂದು ಅವನೇ ಹೇಳಿದ್ದ. ಅವಳು ಸಿಟ್ಟಿನಲ್ಲಿ ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದಳು. ನಾನು ತಮ್ಮನ ಓಮ್ನಿ ತಂದಿದ್ದೆ. ಪೆಟ್ಟಿಗೆಯನ್ನು ಮೇಲೆ ಕಟ್ಟಿ, ಪ್ಲಾಸ್ಟಿಕ್ ಹೊದಿಸಿ ಹೊರಟರೆ, ಸುತ್ತು ದಾರಿಯಲ್ಲಿ ಮರ ಬಿದ್ದು ಸಾಲುಗಟ್ಟಿ ವಾಹನಗಳು ನಿಂತಿದ್ದವು. ಹಿಂದಕ್ಕೆ ತಿರುಗಿಸಿಕೊಂಡು ಟ್ರಾಮ್ ಗುಂಡಿಗೇ ಬಂದೆ. ಎಡಬದಿಯ ಅರ್ಧ ಸೇತುವೆ ಮಳೆಯಲ್ಲಿ ತೊಳೆದು ಇಟ್ಟಂತೆ ಖಾಲಿ ಬಿದ್ದಿತ್ತು. ಮುಂದೆ ಅದೇ ಡ್ರಮ್ಮು, ಅದೇ ಹಗ್ಗ, ಅದೇ ವಾಚ್‌ಮನ್. ಕಾಲು ಹಿಡಿಯುವುದಾದರೂ ಹಿಡಿಯುವ ಎಂದು ನಾನು ಇಳಿದೆ.

ನಾನು ಬಾಯಿ ತೆರೆಯುವ ಮೊದಲೇ ವಾಚ್‌ಮನ್ ಓಮ್ನಿಯ ಮೇಲಿನ ಪೆಟ್ಟಿಗೆ ನೋಡಿದ. "ಫ್ಲೈಟ್ ಉಂಟಾ?" ಎಂದು ಕೇಳಿದ.

"ಉಂಟು" ಎಂದೆ.

ಅಷ್ಟೇ. ಅವನೇ ಹಗ್ಗ ಬಿಚ್ಚಿದ. ಶೆಡ್ಡಿನೊಳಗಿದ್ದ ಸೂಪರ್‌ವೈಸರ್ ತಲೆಯ ಮೇಲೆ ಗೋಣಿ ಹಾಕಿಕೊಂಡು ಓಡಿ ಬಂದು, ತಾನೂ ಕೈಹಾಕಿ ಎರಡೂ ಕಡೆಯ ಡ್ರಮ್ಮು ಉರುಳಿಸಿದ. ಅಂಗಡಿ ಜಗಲಿಯಲ್ಲಿ ನಿಂತಿದ್ದ ವಸಂತಣ್ಣ ಮಳೆಗೆ ಇಳಿದು, "ಫ್ಲೈಟ್ ಉಂಟು, ಫ್ಲೈಟ್ ಉಂಟು, ಸ್ವಲ್ಪ ಹಿಂದೆ ತಕೊಳ್ಳಿ" ಎಂದು ಮಳೆಗೆಂದು ಅಂಗಡಿಯೆದುರು ಅಡ್ಡ ನಿಂತ ಸ್ಕೂಟರಿನವರನ್ನೆಲ್ಲ ಸರಿಸಿದರು. ಸ್ಕೂಟರಿನವರು ಗಾಡಿ ತಳ್ಳಿಕೊಂಡು ಹಿಂದೆ ಸರಿದರು. ಆರ್ಡರ್ ಎಂದು ಯಾರೂ ಹೇಳಲಿಲ್ಲ. ಆಕ್ಷೇಪಣೆ ಎಂದು ಯಾರೂ ಹೇಳಲಿಲ್ಲ. ಊರಿನಲ್ಲಿ ಇರುತ್ತೇನೆಂದು ಬಂದವನ ಬಸ್ಸಿಗೆ ತಿಂಗಳುಗಟ್ಟಲೆ ಸಿಗದ ದಾರಿ, ಊರು ಬಿಟ್ಟು ಹೋಗುವವನಿಗೆ ಕ್ಷಣದಲ್ಲಿ ತೆರೆಯಿತು.

ಓಮ್ನಿ ಸೇತುವೆ ಹತ್ತಿತು. ಹೊಸ ಕಾಂಕ್ರೀಟಿನ ಮೇಲೆ ಚಕ್ರದ ಸದ್ದೇ ಇರಲಿಲ್ಲ.

"ರಸ್ತೆ ಒಳ್ಳೆದುಂಟು ಮಾರಾಯ" ಎಂದ ರಫೀಕ. ಕಿಟಕಿ ಗಾಜಿನ ಹಬೆ ಒರೆಸಿ, "ನಾವು ಬಸ್ಸಿಗೆ ಪಡೀಲ್ ಅಂತ ಬೋರ್ಡ್ ಹಾಕಿದ್ದೇ ತಪ್ಪು ಸದಾ. ಏರ್‌ಪೋರ್ಟ್ ಅಂತ ಹಾಕಬೇಕಿತ್ತು. ಎಲ್ಲರೂ ದಾರಿ ಬಿಡ್ತಿದ್ರು" ಎಂದ.

ಅವನು ನಗುತ್ತಾನೆಂದು ಕಾದೆ. ನಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ವಾಚ್‌ಮನ್ ಆಗಲೇ ಡ್ರಮ್ಮುಗಳನ್ನು ಉರುಳಿಸಿ ತಂದು ದಾರಿ ಮುಚ್ಚುತ್ತಿದ್ದ.